ಡೆಟ್‌ನಲ್ಲಿ ಬಿ ಯಾಕಿದೆ, ಮೇಷ್ಟ್ರೇ?

ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡುವ ಎಲ್ಲ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ನಿಮ್ಮ ಪಾಡು ಗೊತ್ತಿದ್ದೇ ಈ ಪತ್ರ ಬರೆಯುತ್ತಿದ್ದೇನೆ. ಒಂದೇ ಕೊಠಡಿಯಲ್ಲಿ ಎರಡು ಮೂರು ತರಗತಿ, ಬಿಸಿಯೂಟದ ಲೆಕ್ಕ, ಚುನಾವಣೆ ಬಂದರೆ ಮತಗಟ್ಟೆ ಕೆಲಸ, ಇವುಗಳ ಸಂದಿಯಲ್ಲಿ ಇಂಗ್ಲಿಷ್ ಪೀರಿಯಡ್. ನಿಮ್ಮಲ್ಲಿ ಅನೇಕರು ಎಬಿಸಿಡಿಯ ಮುಖ ನೋಡಿದ್ದೇ ಐದನೇ ಕ್ಲಾಸಿನಲ್ಲಿ; ಈಗ ಒಂದನೇ ಕ್ಲಾಸಿನ ಮಕ್ಕಳಿಗೆ ಅದನ್ನು ಕಲಿಸಬೇಕು. ಉಪದೇಶ ಕೇಳಿ ಕೇಳಿ ನಿಮಗೂ ಸಾಕಾಗಿರುತ್ತದೆ. ನನ್ನದು ಒಂದೇ ಕೋರಿಕೆ. ಹುಡುಗನೊಬ್ಬ ಎದ್ದು ನಿಂತು "ಸಾರ್, ಇದು ಯಾಕೆ ಹಿಂಗೆ?" ಅಂದಾಗ "ಇಂಗ್ಲಿಷ್ ಅಂದ್ರೆ ಹಂಗೇ, ಬಾಯಿಪಾಠ ಮಾಡು, ಕೂತ್ಕೋ" ಅನ್ನುವ ಉತ್ತರವನ್ನು ಬಿಟ್ಟುಬಿಡಿ.

ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವನು. ನೀವು ಕಲಿಸಿದ ಮಕ್ಕಳೇ ನನ್ನ ಮುಂದೆ ಬಂದು ಕೂರುತ್ತಿದ್ದರು. ಅವರ ಸ್ಪೆಲಿಂಗ್ ತಪ್ಪುಗಳ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ, ಅವು ತಿದ್ದಿದರೆ ಹೋಗುವಂಥವು. ಅರ್ಥಶಾಸ್ತ್ರದಲ್ಲಿ, ಕನ್ನಡದಲ್ಲಿ ಪಟಪಟನೆ ಪ್ರಶ್ನೆ ಕೇಳುವ ಹುಡುಗಿ ಇಂಗ್ಲಿಷ್ ಕ್ಲಾಸಿನಲ್ಲಿ ಮಾತ್ರ ತಲೆ ತಗ್ಗಿಸಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳಲ್ಲ, ಅದು ನನಗೆ ಕಷ್ಟವಾಗುತ್ತಿತ್ತು. ಈ ಭಾಷೆಯಲ್ಲಿ ಕಾರಣ ಕೇಳುವಂತಿಲ್ಲ ಎಂದು ಯಾರೋ ಯಾವಾಗಲೋ ಅವಳಿಗೆ ಮನದಟ್ಟು ಮಾಡಿಬಿಟ್ಟಿದ್ದರು. ಕಾರಣಗಳೇನೋ ಇವೆ. ಇಂಗ್ಲಿಷಿನ ಹೆಚ್ಚಿನ ಅಪವಾದಗಳು ಹಳೆಯ ನಿಯಮಗಳ ಪಳೆಯುಳಿಕೆಗಳು. ಒಂದಷ್ಟು ಮಾತ್ರ ನಿಜವಾಗಿ ಯಾರದೋ ಹುಚ್ಚಾಟ. ಅದನ್ನೂ ಮಕ್ಕಳಿಗೆ ಹೇಳಿಬಿಡಬಹುದು.

ಹುಚ್ಚಾಟದಿಂದಲೇ ಶುರು ಮಾಡುತ್ತೇನೆ. ಡಿ-ಇ-ಬಿ-ಟಿ, ಡೆಟ್, ಡೆಟ್ ಅಂದರೆ ಸಾಲ. ನಡುವೆ ಆ ಬಿ ಯಾಕೆ? ಈ ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಬಂದಾಗ ಅದರಲ್ಲಿ ಬಿ ಇರಲಿಲ್ಲ. ಡಿ-ಇ-ಟಿ-ಟಿ-ಇ ಎಂದು ಬರೆಯುತ್ತಿದ್ದರು. ಆಮೇಲೆ ಲ್ಯಾಟಿನ್ ಮೋಹದ ವಿದ್ವಾಂಸರ ಕಾಲ ಬಂತು. ಇದರ ಮೂಲ ಲ್ಯಾಟಿನ್ನಿನ ಡೆಬಿಟುಮ್, ಅಲ್ಲೊಂದು ಬಿ ಇದೆ, ಹಾಗಾದರೆ ಇಲ್ಲೂ ಇರಲಿ ಎಂದು ಅದನ್ನು ಬರವಣಿಗೆಯಲ್ಲಿ ತುರುಕಿದರು. ಡೌಟ್‌ನ ಬಿ, ರಸೀಟ್‌ನ ಪಿ ಕೂಡ ಹೀಗೇ ಹಿಂಬಾಗಿಲಿನಿಂದ ಒಳಗೆ ಬಂದವು. ಜನ ಮಾತ್ರ ಬಾಯಿ ಬದಲಿಸಲಿಲ್ಲ, ಹಳೆಯ ಹಾಗೆಯೇ ಆಡಿಕೊಂಡು ಹೋದರು. ಷೇಕ್ಸ್‌ಪಿಯರನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದಲ್ಲಿ ಹೋಲೋಫರ್ನಿಸ್ ಎಂಬ ಮೇಷ್ಟ್ರೊಬ್ಬ ಬರುತ್ತಾನೆ. ಡೆಟ್, ಡೌಟ್ ಎನ್ನುವಾಗ ಬಿ ನುಂಗುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. 1598ರಲ್ಲಿ ಅಚ್ಚಾದ ಆ ನಾಟಕ ಗೇಲಿ ಮಾಡುವುದು ಬಿ ನುಂಗಿದವರನ್ನಲ್ಲ, ಮೇಷ್ಟ್ರನ್ನು. ನಮ್ಮ ವೃತ್ತಿಯವರಿಗೆ ಇದು ನೆನಪಿದ್ದರೆ ಒಳ್ಳೆಯದು.

ಐಲ್ಯಾಂಡ್ ಕಥೆ ಇನ್ನೂ ತಮಾಷೆ. ಅದು ಲ್ಯಾಟಿನ್ನಿನ ಗಂಧಗಾಳಿ ಇಲ್ಲದ ಅಪ್ಪಟ ಇಂಗ್ಲಿಷ್ ಪದ. ಅದೇ ಅರ್ಥದ ಐಲ್ ಎಂಬ ಇನ್ನೊಂದು ಪದ ಫ್ರೆಂಚಿನಿಂದ ಬಂದಿತ್ತು, ಅದರ ಲ್ಯಾಟಿನ್ ಮೂಲದಲ್ಲಿ ಎಸ್ ಇತ್ತು. ಎರಡೂ ಒಂದೇ ಮನೆಯವು ಎಂದು ತಪ್ಪಾಗಿ ತಿಳಿದು ಇದಕ್ಕೂ ಎಸ್ ಅಂಟಿಸಿದರು. ನಿಮ್ಮ ಆರನೇ ಕ್ಲಾಸಿನ ಹುಡುಗಿ ಐ-ಎಲ್-ಎ-ಎನ್-ಡಿ ಎಂದು ಬರೆದರೆ ಅವಳು ಐನೂರು ವರ್ಷದ ಹಿಂದಿನ ಇಂಗ್ಲಿಷರ ಹಾಗೆ ಬರೆದಿದ್ದಾಳೆ, ಅಷ್ಟೇ. ಇವತ್ತಿನ ಲೆಕ್ಕಕ್ಕೆ ತಪ್ಪು, ತಿದ್ದಲೇಬೇಕು. ದಡ್ಡತನ ಮಾತ್ರ ಅವಳದಲ್ಲ.

ಇನ್ನು ಮೂಕ ಅಕ್ಷರಗಳ ದೊಡ್ಡ ಹಿಂಡು. ಕೆ-ಎನ್-ಐ-ಎಫ್-ಇ ನೈಫ್, ಕೆ-ಎನ್-ಇ-ಇ ನೀ. ಇವುಗಳಲ್ಲಿ ಯಾರೂ ಏನನ್ನೂ ತುರುಕಿಲ್ಲ. ಆ ಕೆ ಒಂದು ಕಾಲಕ್ಕೆ ಬಾಯಲ್ಲಿ ಇತ್ತು, ಕ್ನೀ ಎಂದೇ ಅನ್ನುತ್ತಿದ್ದರು. ಜರ್ಮನರು ಮಂಡಿಗೆ ಇವತ್ತಿಗೂ ಕ್ನೀ ಅನ್ನುತ್ತಾರೆ. ನೈಟ್, ಲೈಟ್ ಪದಗಳ ಜಿ-ಎಚ್ ಕೂಡ ಗಂಟಲಿನಿಂದ ಹೊರಡುವ ಒಂದು ಹಕಾರವಾಗಿತ್ತು. ಬಾಯಿಂದ ಸದ್ದು ಹೋಯಿತು, ಕಾಗದದಲ್ಲಿ ಅಕ್ಷರ ಉಳಿಯಿತು.

ಇದನ್ನು ಮಕ್ಕಳಿಗೆ ಹೇಳಲು ಕನ್ನಡ ಮೇಷ್ಟ್ರ ಸಹಾಯ ತೆಗೆದುಕೊಳ್ಳಿ. ಪಂಪನ ಕಾಲದಲ್ಲಿ ಪಾಲ್ ಎನ್ನುತ್ತಿದ್ದುದು ಈಗ ಹಾಲು, ಪೂ ಎನ್ನುತ್ತಿದ್ದುದು ಹೂ. ನಾವು ಬಾಯಿ ಬದಲಾದಂತೆ ಬರಹವನ್ನೂ ಬದಲಿಸಿಕೊಂಡೆವು. ೞ, ಱ ಎಂಬ ಎರಡು ಅಕ್ಷರಗಳನ್ನೇ ಅವುಗಳ ಸದ್ದು ಹೋದ ಮೇಲೆ ವರ್ಣಮಾಲೆಯಿಂದ ಕೈಬಿಟ್ಟೆವು. ಇಂಗ್ಲಿಷರ ಹಾದಿ ಹಿಡಿದಿದ್ದರೆ ಇವತ್ತಿಗೂ ನಾವು 'ಪಾಲು' ಎಂದು ಬರೆದು 'ಹಾಲು' ಎಂದು ಓದುತ್ತಿದ್ದೆವು, ಒಂದನೇ ಕ್ಲಾಸಿನ ಮಗು ಯಾಕೆ ಎಂದು ಕೇಳಿದರೆ "ಕನ್ನಡ ಹಂಗೇ" ಎನ್ನುತ್ತಿದ್ದೆವು.

ಅವರು ಯಾಕೆ ಬದಲಿಸಲಿಲ್ಲ? ಮುಖ್ಯ ಕಾರಣ ಅಚ್ಚುಕೂಟ. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ಶುರು ಮಾಡಿದ. ಆಗಿನಿಂದ ಕಾಗುಣಿತ ಮೆಲ್ಲಮೆಲ್ಲಗೆ ಗಟ್ಟಿಯಾಗತೊಡಗಿತು. ದುರದೃಷ್ಟಕ್ಕೆ ಅದೇ ಹೊತ್ತಿನಲ್ಲಿ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಜಾಗ ಬಿಟ್ಟು ಕದಲುತ್ತಿದ್ದವು. ಸುಮಾರು 1400ರಿಂದ 1700ರವರೆಗೆ ನಡೆದ ಈ ಪಲ್ಲಟದಲ್ಲಿ ಆ ಎಂಬ ಸದ್ದು ಏ ಆಯಿತು, ಏ ಎಂಬುದು ಈ ಆಯಿತು, ಈ ಹೋಗಿ ಐ ಆಯಿತು. ಎನ್-ಎ-ಎಂ-ಇ ಎಂಬ ಪದವನ್ನು ಅದಕ್ಕೆ ಮೊದಲು 'ನಾಮೆ' ಎಂದೇ ಓದುತ್ತಿದ್ದರು, ಕೊನೆಯ ಇ ಸಮೇತ. ಸಂಸ್ಕೃತದಿಂದ ನಮಗೆ ಬಂದ 'ನಾಮ'ಕ್ಕೂ ಅದಕ್ಕೂ ನಿಜವಾಗಿಯೂ ರಕ್ತಸಂಬಂಧ ಇದೆ. ಇದನ್ನೊಮ್ಮೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ, ಆ ಸ್ಪೆಲಿಂಗ್ ಯಾವ ಮಗುವಿಗೂ ಮರೆಯುವುದಿಲ್ಲ. ಎ ಅಕ್ಷರ ಒಮ್ಮೆ ಆ, ಒಮ್ಮೆ ಏ ಯಾಕಾಗುತ್ತದೆ ಎಂಬುದಕ್ಕೂ ಅರ್ಧ ಉತ್ತರ ಸಿಕ್ಕಿರುತ್ತದೆ. ಗೋಸ್ಟ್‌ನ ಎಚ್ ಕೂಡ ಅಚ್ಚುಕೂಟದ್ದೇ ಕೊಡುಗೆ. ಕ್ಯಾಕ್ಸ್ಟನ್ ಬಹುಕಾಲ ಬ್ರೂಜ್ ಪಟ್ಟಣದಲ್ಲಿದ್ದವನು. ಅಲ್ಲಿನ ಫ್ಲೆಮಿಶ್ ಬರವಣಿಗೆಯ ಚಾಳಿ ಮೊಳೆ ಜೋಡಿಸುವವರ ಕೈಯಿಂದ ಈ ಪದಕ್ಕೆ ಅಂಟಿತು ಎನ್ನುತ್ತಾರೆ.

ಒಂದು ಪ್ರಯೋಗ ಹೇಳುತ್ತೇನೆ, ಸೀಮೆಸುಣ್ಣ ಬಿಟ್ಟು ಬೇರೇನೂ ಬೇಡ. ಕಮ್, ಲವ್, ಸನ್, ಇವುಗಳಲ್ಲಿ ಕೇಳುವ ಸದ್ದಿಗೆ ಯು ಇರಬೇಕಿತ್ತು, ಬರೆಯುವುದು ಒ. ಯಾಕೆ? ಹಲಗೆಯ ಮೇಲೆ ಮೊದಲು ಸಿ ಬರೆಯಿರಿ. ಅದರ ಪಕ್ಕದಲ್ಲಿ ಐದು ಪುಟ್ಟ ನೇರ ಗೀಟು ಒತ್ತೊತ್ತಾಗಿ ಎಳೆಯಿರಿ. ಇದು ಏನು ಪದ ಎಂದು ಮಕ್ಕಳನ್ನೇ ಕೇಳಿ. ಹಳೆಯ ಹಸ್ತಪ್ರತಿಗಳ ಮೊನಚು ಬರಹದಲ್ಲಿ ಐ ಎಂದರೆ ಒಂದು ಗೀಟು, ಎನ್ ಎರಡು, ಯು ಎರಡು, ಎಂ ಮೂರು. ವಿ ಅಕ್ಷರವನ್ನೂ ಯು ಥರವೇ ಬರೆಯುತ್ತಿದ್ದರು. ಐ ಮೇಲೆ ಚುಕ್ಕಿಯೂ ಖಾಯಂ ಇರುತ್ತಿರಲಿಲ್ಲ. ಹಾಗಾಗಿ ಆ ಐದು ಗೀಟು ಯು-ಎಂ ಆಗಬಹುದು, ಎಂ-ಯು ಆಗಬಹುದು, ಐ-ಎನ್-ಯು ಕೂಡ ಆಗಬಹುದು. ಮಿನಿಮಮ್ ಎಂದು ಬರೆದರಂತೂ ಸಾಲಾಗಿ 15 ಗೀಟು, ಬೇಲಿಯ ಗೂಟ ನೆಟ್ಟ ಹಾಗೆ. ಈ ಪೀಕಲಾಟ ತಪ್ಪಿಸಲು ಲಿಪಿಕಾರರು ಎಂ, ಎನ್, ವಿ ಪಕ್ಕದಲ್ಲಿ ಬರುವ ಯು ಬದಲು ದುಂಡಗಿನ ಒ ಬರೆಯತೊಡಗಿದರು. ಗೀಟು ಗೀಟಾಗಿ ಬರೆಯುವ ಆ ಕೈಬರಹ ಹೋಗಿ ಎಷ್ಟೋ ಶತಮಾನವಾಯಿತು, ಒ ಮಾತ್ರ ಹೋಗಲಿಲ್ಲ.

ಕನ್ನಡವನ್ನು ಬರೆದಂತೆ ಓದುವ ಭಾಷೆ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಬಹುಮಟ್ಟಿಗೆ ನಿಜ. ಆದರೆ 'ಬ್ರಹ್ಮ' ಎಂಬಲ್ಲಿ ಹಕಾರ ಮೊದಲು ಬರೆದು ಮಕಾರ ಮೊದಲು ನುಡಿಯುತ್ತೇವೆ. 'ಚಿಹ್ನೆ'ಯದೂ ಅದೇ ಪಾಡು. 'ಜ್ಞಾನ'ದಲ್ಲಿ ಜಕಾರ ಎಷ್ಟು ಜನರ ಬಾಯಲ್ಲಿದೆ? ಶ, ಷ ಎರಡನ್ನೂ ಬೇರೆ ಬೇರೆಯಾಗಿ ಆಡುವವರನ್ನು ದೀಪ ಹಚ್ಚಿ ಹುಡುಕಬೇಕು. ಮೈಸೂರಿನವರು 'ಹೋಗ್ತೀನಿ' ಅಂತಾರೆ, ಕುಂದಾಪುರದವರು 'ಹೋತೆ' ಅಂತಾರೆ, ಬರೆಯುವಾಗ ಇಬ್ಬರದೂ 'ಹೋಗುತ್ತೇನೆ'. ಬರಹ ಯಾರೊಬ್ಬರ ಬಾಯಿಗೂ ಪೂರ್ತಿ ಸೇರಿದ್ದಲ್ಲ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರುವ ವಿಷಯವೇ. ಇಂಗ್ಲಿಷಿನ ಕಾಗುಣಿತ ಸುಧಾರಿಸಲು ಹೊರಟವರು ಸೋತದ್ದಕ್ಕೆ ಇದೂ ಒಂದು ಕಾರಣ. ಅಮೆರಿಕದ ನೋವಾ ವೆಬ್‌ಸ್ಟರ್ ತನ್ನ 1828ರ ನಿಘಂಟಿನಲ್ಲಿ ಕಲರ್‌ನ ಯು ತೆಗೆದ, ಅದು ನಿಂತಿತು. ಟಂಗ್ ಪದಕ್ಕೆ ಟಿ-ಯು-ಎನ್-ಜಿ ಸಾಕು ಎಂದ, ಅದು ನಿಲ್ಲಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸರ್ಕಾರಿ ಮುದ್ರಣಕ್ಕೆ 300 ಸರಳ ಕಾಗುಣಿತಗಳನ್ನು ಬಳಸಿ ಎಂದು ಆಜ್ಞೆ ಮಾಡಿ, ಸಂಸತ್ತು ತಿರುಗಿಬಿದ್ದ ಮೇಲೆ ಸುಮ್ಮನಾದ.

ಕೆಲವು 'ಅಪವಾದ'ಗಳನ್ನು ಹುಟ್ಟಿಸಿದವರು ನಾವೇ, ನಿಯಮವನ್ನು ತಪ್ಪಾಗಿ ಹೇಳಿಕೊಟ್ಟು. ಎ, ಇ, ಐ, ಒ, ಯು ಅಕ್ಷರದ ಮುಂದೆ 'ಆ್ಯನ್' ಹಾಕು ಎಂದು ಕಲಿಸುತ್ತೇವೆ. ಮರುದಿನವೇ ಆ್ಯನ್ ಅವರ್, ಎ ಯೂನಿವರ್ಸಿಟಿ, ಆ್ಯನ್ ಎಂಎಲ್‌ಎ ಎಂದು ಅಪವಾದಗಳ ಪಟ್ಟಿ ಕೊಡುತ್ತೇವೆ. ನಿಯಮ ಇರುವುದು ಸದ್ದಿಗೆ, ಅಕ್ಷರಕ್ಕಲ್ಲ. ಎಂಎಲ್‌ಎ ಎಂಬುದು ಬಾಯಲ್ಲಿ ಎಕಾರದಿಂದ ಶುರುವಾಗುತ್ತದೆ, ಯೂನಿವರ್ಸಿಟಿ ಯಕಾರದಿಂದ. ಇಷ್ಟು ಹೇಳಿದರೆ ಪಟ್ಟಿಯೇ ಬೇಡ. ಎರಡು ಸ್ವರ ಡಿಕ್ಕಿ ಹೊಡೆಯದಂತೆ ನಡುವೆ ಒಂದು ವ್ಯಂಜನ ಬೇಕು ಎಂಬುದು ಆಗಮಸಂಧಿ ಕಲಿತ ಮಗುವಿಗೆ ಹೊಸ ಮಾತೇನಲ್ಲ. 'ಗುರು'ವಿಗೆ 'ಅನ್ನು' ಸೇರಿದಾಗ ನಡುವೆ ವಕಾರ ಬಂದದ್ದನ್ನು ಅದು ನೋಡಿದೆ.

ಐ ಮೊದಲು, ಇ ಆಮೇಲೆ, ಸಿ ಹಿಂದಿದ್ದರೆ ಮಾತ್ರ ತಿರುಗಾಮುರುಗಾ ಎಂಬ ಪದ್ಯವನ್ನೂ ಕೆಲವರು ಇನ್ನೂ ಹೇಳಿಸುತ್ತಾರೆ. ವಿಯರ್ಡ್, ಸೀಜ್, ನೇಬರ್, ದೇರ್, ಫಾರಿನ್, ಸೈನ್ಸ್, ಸ್ಪೀಶೀಸ್, ಪ್ರೋಟೀನ್ ಎಲ್ಲವೂ ಅದನ್ನು ಮುರಿಯುತ್ತವೆ. 2009ರಲ್ಲಿ ಇಂಗ್ಲೆಂಡಿನ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಸರ್ಕಾರವೇ ಕೊಟ್ಟ ಕೈಪಿಡಿ ಈ ನಿಯಮವನ್ನು ಕಲಿಸುವುದು ವ್ಯರ್ಥ ಎಂದಿತು. ಅವರೇ ಕೈಬಿಟ್ಟದ್ದನ್ನು ನಾವು ಹೊತ್ತು ತಿರುಗುವುದು ಬೇಡ.

ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದು ಎಂಬುದೂ ಇಂಥದ್ದೇ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್‌ನ 1762ರ ವ್ಯಾಕರಣದಂಥ ಪುಸ್ತಕಗಳು ಲ್ಯಾಟಿನ್ನಿನ ಕನ್ನಡಕ ಹಾಕಿಕೊಂಡು ಇಂಗ್ಲಿಷನ್ನು ನೋಡಿದ್ದರ ಫಲ ಇದು. ಇದು ನಮಗೆ ಚೆನ್ನಾಗಿ ಅರ್ಥವಾಗಬೇಕು. ಪಂಚಮೀ ವಿಭಕ್ತಿಗೆ 'ದೆಸೆಯಿಂದ' ಎಂದು ಬಾಯಿಪಾಠ ಮಾಡಿದವರು ನಾವು. "ಮರದ ದೆಸೆಯಿಂದ ಹಣ್ಣು ಬಿತ್ತು" ಎಂದು ಯಾವ ಊರಿನಲ್ಲಿ ಯಾರು ಆಡಿದ್ದನ್ನು ಕೇಳಿದ್ದೀರಿ? ಸಂಸ್ಕೃತದಲ್ಲಿ ಪಂಚಮಿ ಇದೆ, ಆದ್ದರಿಂದ ಕನ್ನಡದಲ್ಲೂ ಇರಲೇಬೇಕು ಎಂಬ ಹಟ. 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಡಿ. ಎನ್. ಶಂಕರ ಭಟ್ಟರು ಒಂದು ಪುಸ್ತಕವನ್ನೇ ಬರೆಯಬೇಕಾಯಿತು.

ಈಗ ಮಕ್ಕಳನ್ನು ಅತಿ ಹೆಚ್ಚು ಕಾಡುವ ಕ್ರಿಯಾಪದಗಳ ವಿ-ಒನ್, ವಿ-ಟೂ, ವಿ-ತ್ರೀ ಪಟ್ಟಿಗೆ ಬರೋಣ. ಗೈಡುಗಳಲ್ಲಿ ಅದು ಅಕಾರಾದಿಯಾಗಿ ಅಬೈಡ್, ಅರೈಸ್ ಎಂದು ಶುರುವಾಗುತ್ತದೆ. ಇಡೀ ಜೀವನದಲ್ಲಿ ಒಮ್ಮೆಯೂ ಬಳಸದ ಪದಗಳಿಂದ! ಹಾಗೆ ಕಲಿಸಬೇಡಿ. ಹಾರ್ವರ್ಡ್‌ನ ಸಂಶೋಧಕರು 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಅವರು ಹಿಂಬಾಲಿಸಿದರು. ನಡುಗಾಲದ ಇಂಗ್ಲಿಷಿನಲ್ಲಿ ಅವುಗಳಲ್ಲಿ 145 ಹಾಗೇ ಉಳಿದಿದ್ದವು, ಇವತ್ತು ಉಳಿದಿರುವುದು 98. ಮಿಕ್ಕವು ಇ-ಡಿ ಹಚ್ಚಿಕೊಂಡು ಎಲ್ಲರಂತಾದವು. ಹೆಲ್ಪ್ ಕೂಡ ಹಿಂದೆ ಭೂತಕಾಲದಲ್ಲಿ ಹೋಲ್ಪ್ ಎಂದಾಗುತ್ತಿತ್ತು. ಯಾವುದು ದಿನಬಳಕೆಯಲ್ಲಿ ಹೆಚ್ಚು ಸವೆಯುತ್ತದೋ ಅದು ತನ್ನ ಹಳೆಯ ರೂಪವನ್ನು ಬಿಟ್ಟುಕೊಡುವುದಿಲ್ಲ, ಅಪರೂಪದ್ದು ಬೇಗ ಬದಲಾಗುತ್ತದೆ. ಬೀ, ಹ್ಯಾವ್, ಡೂ, ಗೋ, ಸೇ, ಸೀ, ಟೇಕ್, ಗೆಟ್, ಎಲ್ಲವೂ ಅನಿಯಮಿತವಾಗಿರುವುದು ಅದಕ್ಕೇ. ಅಂದರೆ ಮಕ್ಕಳಿಗೆ ನಿಜವಾಗಿ ಬೇಕಾದವು ಕೆಲವೇ, ಅವು ದಿನವೂ ಕಿವಿಗೆ ಬೀಳುವಂಥವು. ಗೋ ಎಂಬುದಕ್ಕೆ ವೆಂಟ್ ಬಂದದ್ದು ವೆಂಡ್ ಎಂಬ ಬೇರೆಯೇ ಕ್ರಿಯಾಪದದಿಂದ ಎಂದೂ ಹೇಳಿಬಿಡಿ. ಎರಡು ಪದ ಕೂಡಿ ಒಂದು ಸಂಸಾರ ಮಾಡುತ್ತಿವೆ.

ಪಟ್ಟಿಯನ್ನು ಗುಂಪು ಮಾಡಿ. ಸಿಂಗ್-ಸ್ಯಾಂಗ್-ಸಂಗ್ ಜತೆಗೆ ರಿಂಗ್, ಡ್ರಿಂಕ್, ಸ್ವಿಮ್, ಬಿಗಿನ್ ಕೂತುಕೊಳ್ಳಲಿ. ಕನ್ನಡದಲ್ಲಿ ನೋಡು-ನೋಡಿದ, ಓಡು-ಓಡಿದ, ಹಾಡು-ಹಾಡಿದ. ಆದರೆ ಕೊಡು-ಕೊಟ್ಟ, ಬಿಡು-ಬಿಟ್ಟ, ಸುಡು-ಸುಟ್ಟ, ನೆಡು-ನೆಟ್ಟ. ಮೊದಲ ಸ್ವರ ದೀರ್ಘವಿದ್ದರೆ ಒಂದು ದಾರಿ, ಹ್ರಸ್ವವಿದ್ದರೆ ಇನ್ನೊಂದು. ಇದನ್ನು ಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ, ಆದರೂ ಅವರು ತಪ್ಪುವುದಿಲ್ಲ. ಗುಂಪು ಕಂಡುಹಿಡಿಯುವ ಶಕ್ತಿ ಅವರಲ್ಲಿದೆ, ಅದಕ್ಕೆ ಇಂಗ್ಲಿಷಿನಲ್ಲೂ ಸ್ವಲ್ಪ ಕೆಲಸ ಕೊಡಿ.

ಒಬ್ಬನೇ ಎದುರಿಗಿದ್ದರೂ ಯು ಆರ್ ಎನ್ನುವುದೇಕೆ, ಯು ಈಸ್ ಯಾಕಲ್ಲ ಎಂದು ಜಾಣ ಮಕ್ಕಳು ಕೇಳುತ್ತಾರೆ. ಇದಕ್ಕೆ ಕನ್ನಡದ ಮಕ್ಕಳಿಗೆ ಉತ್ತರ ಕೊಡುವುದು ಬಲು ಸುಲಭ. ಯು ಎಂದರೆ ಮೂಲದಲ್ಲಿ 'ನೀವು'. 'ನೀನು' ಎಂಬುದಕ್ಕೆ ದೌ ಎಂಬ ಪದ ಬೇರೆಯೇ ಇತ್ತು. ಒಬ್ಬರೇ ಇದ್ದರೂ ಗೌರವಕ್ಕೆ ನೀವು ಎನ್ನುವ ಪದ್ಧತಿ ಬಂತು, ಬರಬರುತ್ತಾ ನೀನು ಎನ್ನುವುದೇ ಮಾತಿನಿಂದ ಮಾಯವಾಯಿತು. ನಾವು ಅಜ್ಜನಿಗೆ "ನೀವು ಬಂದಿರಿ" ಎಂದು ಬಹುವಚನ ಹಾಕುವಂತೆ ಅವರು ಬೀದಿನಾಯಿಗೂ ಬಹುವಚನ ಹಾಕುತ್ತಾರೆ. ಹದಿನೇಳನೇ ಶತಮಾನದ ಕ್ವೇಕರ್ ಪಂಥದವರು ದೇವರ ಮುಂದೆ ಎಲ್ಲರೂ ಸಮ ಎಂದು ನ್ಯಾಯಾಧೀಶರನ್ನೂ ನೀನು ಎಂದೇ ಕರೆದು ಏಟು ತಿಂದರು, ಜೈಲು ಕಂಡರು. ವ್ಯಾಕರಣದ ಪೀರಿಯಡ್‌ನಲ್ಲಿ ಈ ಕಥೆ ಹೇಳಿದರೆ ಹಿಂದಿನ ಬೆಂಚಿನವರೂ ಕಿವಿ ನಿಮಿರಿಸುತ್ತಾರೆ.

ಹೀ ಈಟ್ಸ್ ಎಂಬಲ್ಲಿನ ಎಸ್ ನಮ್ಮ ಮಕ್ಕಳು ತಪ್ಪದೆ ಬಿಡುವ ಅಕ್ಷರ. ತಿನ್ನುತ್ತೇನೆ, ತಿನ್ನುತ್ತೀಯ, ತಿನ್ನುತ್ತಾನೆ, ತಿನ್ನುತ್ತಾಳೆ ಎಂದು ಪ್ರತಿಯೊಬ್ಬರಿಗೂ ಬೇರೆ ಪ್ರತ್ಯಯ ಹಚ್ಚುವವರು ನಾವು. ಇಂಗ್ಲಿಷಿಗೂ ಹಿಂದೆ ಅಂಥ ಪ್ರತ್ಯಯಗಳಿದ್ದವು, ಒಂದೊಂದೇ ಉದುರಿ ವರ್ತಮಾನ ಕಾಲದಲ್ಲಿ ಇದೊಂದು ಉಳಿದಿದೆ. ಇದು ಹೊಸ ನಿಯಮವಲ್ಲ, ನಿಮ್ಮ 'ಆನೆ-ಆಳೆ'ಗಳ ಬಡ ನೆಂಟ ಎಂದರೆ ಅವರಿಗೆ ತಕ್ಷಣ ಹೊಳೆಯುತ್ತದೆ.

ಎಲ್ಲದಕ್ಕೂ ಹೀಗೆ ಕಾರಣ ಕೊಡಲು ಬರುವುದಿಲ್ಲ ಎಂಬುದೂ ನಿಜ. ಇನ್‌ಫರ್ಮೇಷನ್ ಪದಕ್ಕೆ ಬಹುವಚನ ಯಾಕಿಲ್ಲ? ಫ್ರೆಂಚರು ಅದೇ ಪದಕ್ಕೆ ಆರಾಮಾಗಿ ಎಸ್ ಹಚ್ಚುತ್ತಾರೆ. ಇಂಥ ಕಡೆ "ರೂಢಿ ಹೀಗೆ" ಎಂದು ಒಪ್ಪಿಕೊಳ್ಳಿ. ಹತ್ತು ಕಡೆ ಕಾರಣ ಹೇಳಿದ ಮೇಷ್ಟ್ರು ಹನ್ನೊಂದನೆಯದಕ್ಕೆ ರೂಢಿ ಎಂದರೆ ಮಕ್ಕಳು ನಂಬುತ್ತಾರೆ.

ಕೊನೆಗೆ ಕೆಂಪು ಪೆನ್ನಿನ ಮಾತು. ಮಗುವೊಂದು ಹೋದ ಎಂಬುದಕ್ಕೆ ಜಿ-ಒ-ಇ-ಡಿ ಎಂದು ಬರೆಯುತ್ತದೆ. ಇನ್ನೊಂದು ಏನೂ ತೋಚದೆ ಜಾಗ ಖಾಲಿ ಬಿಡುತ್ತದೆ. ಇಬ್ಬರಿಗೂ ಒಂದೇ ಅಡ್ಡಗೀಟು, ಒಂದೇ ಸೊನ್ನೆ. ಮೊದಲನೆಯ ಮಗು ಭೂತಕಾಲಕ್ಕೆ ಇ-ಡಿ ಬರುತ್ತದೆ ಎಂಬ ನಿಯಮವನ್ನು ಸರಿಯಾಗಿ ಹಿಡಿದಿದೆ. ಇಂಗ್ಲಿಷ್ ತಾಯಿಭಾಷೆಯ ಮಕ್ಕಳೂ ಮೂರು ನಾಲ್ಕು ವರ್ಷದಲ್ಲಿ ಇದೇ ತಪ್ಪನ್ನು ಆಡಿಯೇ ಮುಂದೆ ಹೋಗುತ್ತಾರೆ. ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದ ಕೀ ಉತ್ತರ ನಿಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆರನೇ ಕ್ಲಾಸಿನ ಕಾಪಿ ಪುಸ್ತಕ ನಿಮ್ಮ ಕೈಯಲ್ಲೇ ಇದೆ. ಅಲ್ಲಿ ಅರ್ಧ ಅಂಕ ಕೊಡಿ, ಪಕ್ಕದಲ್ಲಿ ಸರಿರೂಪ ಬರೆಯಿರಿ. ಜಾಗವಿದ್ದರೆ ಕಾರಣವನ್ನೂ ಒಂದು ಸಾಲು ಬರೆಯಿರಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ತರಬೇತಿಗೆ ಹೋದಾಗ ಈ ವಿಷಯಕ್ಕೆ ಒಂದು ಗಂಟೆ ಬೇಕೆಂದು ನೀವೇ ಕೇಳಿ.


ನಿಮ್ಮವ,
ಒಬ್ಬ ನಿವೃತ್ತ ಇಂಗ್ಲಿಷ್ ಅಧ್ಯಾಪಕ